ಕಳೆದ ಏಳು ದಿನ

ಎರಡು ಸಾವಿರದ ಆರನೇ ಇಸವಿಯ ಜನವರಿಯಲ್ಲಿ ಬ್ಯಾಡಗಿಯ ಹೆಣ್ಣುಮಕ್ಕಳು ಯಾರೂ ಕೂರುತ್ತಿರಲಿಲ್ಲ. ನಂಬಿಕೆ ಬಾರದವರು ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದೆ, ಸೈಕಲ್ ಅಂಗಡಿಯ ಮಾಳಿಗೆಯ ಮೇಲಿದ್ದ ಬಾಡಿಗೆ ಕೋಣೆಗೆ ಹೋಗಿ ಕಾಗದ ನೋಡಬಹುದಿತ್ತು. ದೇಶದ ಜನ ಎಷ್ಟು ನಡೆಯುತ್ತಾರೆ, ಎಷ್ಟು ಮೈ ಬಗ್ಗಿಸುತ್ತಾರೆ, ಎಷ್ಟು ಹೊತ್ತು ಕೂತೇ ಇರುತ್ತಾರೆ ಎಂದು ತಿಳಿಯಲು ದಿಲ್ಲಿಯವರು ಹೊರಡಿಸಿದ ಸಮೀಕ್ಷೆಯ ಕಾಗದ ಅದು. ಹದಿನಾಲ್ಕನೇ ಪ್ರಶ್ನೆ ಹೀಗಿತ್ತು: ಕಳೆದ ಏಳು ದಿನಗಳಲ್ಲಿ ನೀವು ದಿನಕ್ಕೆ ಎಷ್ಟು ತಾಸು ಕೂತಿದ್ದಿರಿ? ಬ್ಯಾಡಗಿಯಿಂದ ಬಂದ ನಲವತ್ತು ನಮೂನೆಗಳಲ್ಲಿ ಮೂವತ್ತೇಳಕ್ಕೆ ಸೊನ್ನೆ ಬಿದ್ದಿತ್ತು. ಉಳಿದ ಮೂವರು ಊಟಕ್ಕೆಂದು ಅರ್ಧ ತಾಸು ಕೂತಿದ್ದರು.

"ಏನವಾ ನಲಿನಿ, ಬ್ಯಾಡಗಿ ಮಂದಿ ಕುದುರಿ ಹಂಗ ನಿಂತ ನಿದ್ದಿ ಮಾಡ್ತಾರೇನು?" ಎಂದು ಸಿದ್ದಲಿಂಗಪ್ಪ ಕೇಳಿದರು. ಅವರು ಸಮೀಕ್ಷೆಯ ಮೇಲ್ವಿಚಾರಕರು. ಅಂಕಿಸಂಖ್ಯೆ ಇಲಾಖೆಯ ನೌಕರಿಯಿಂದ ನಿವೃತ್ತರಾದವರು, ಬಾಯಲ್ಲಿ ಸದಾ ಎಲೆಯಡಿಕೆ. ಸಿಟ್ಟು ಬಂದಾಗಲೂ ನಗು ಬಂದಾಗಲೂ ಅವರ ದನಿ ಒಂದೇ ಆಗಿದ್ದರಿಂದ ಎದುರಿನವರು ಮುಖ ನೋಡಿ ತಿಳಿದುಕೊಳ್ಳಬೇಕಿತ್ತು. ಆ ನಲವತ್ತು ನಮೂನೆ ತುಂಬಿದ್ದ ನಲಿನಿ ಮುಖ ನೋಡುವ ಗೋಜಿಗೆ ಹೋಗಲಿಲ್ಲ.

"ಅವರು ಹೇಳಿದ್ದು ಬರದೀನ್ರಿ," ಎಂದಳು.

"ಹೇಳಿದ್ದು ಬರಿಯಾಕ ನೀ ಯಾಕ ಬೇಕಿತ್ತು? ಈ ಲೆಕ್ಕ ಮ್ಯಾಲೆ ಹೋಗಿ, ಎಲ್ಲಿ ಮಂದಿ ಕುಂತು ಕುಂತು ರೋಗ ತರಿಸ್ಕೊಳ್ಳಾಕತ್ತಾರ ಅಂತ ನೋಡಿ, ಅಲ್ಲಿಗೆ ಏನರ ಮಾಡತಾರ. ನೀ ಸೊನ್ನಿ ಬರದ್ರ, ಬ್ಯಾಡಗಿಯಾಗ ಎಲ್ಲಾರೂ ಗಟ್ಟಿಮುಟ್ಟ ಅದಾರ ಅಂತ ಕೈ ತೊಳಕೋತಾರ. ನಾಳೆ ಮತ್ತ ಹೋಗು."

ನಲಿನಿ ಮರುದಿನ ಹೋದಳು. ಸೊನ್ನೆ ಬರೆಯುವಾಗಲೂ ಅವಳಿಗೆ ಏನೂ ಅನ್ನಿಸಿರಲಿಲ್ಲ, ಈಗ ತಿದ್ದಲು ಹೋಗುವಾಗಲೂ ಅನ್ನಿಸಲಿಲ್ಲ. ಬಸ್ಸಿನಿಂದ ಇಳಿಯುವ ಹೊತ್ತಿಗೇ ಮೆಣಸಿನಕಾಯಿ ಘಾಟು ಮೂಗಿಗೆ ಬಡಿಯಿತು. ಮೊದಲ ಮನೆ ಫಕ್ಕೀರವ್ವನದು. ಫಕ್ಕೀರವ್ವ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಒಂದು ಕಾಲು ಮಡಚಿ ಒಂದು ಕಾಲು ಚಾಚಿ, ಎದುರಿಗೆ ಕೆಂಪು ರಾಶಿ ಸುರುವಿಕೊಂಡು ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಹೋದ ವಾರ ಬಂದಾಗಲೂ ಹಾಗೇ ಕೂತಿದ್ದಳು. ಹಾಗೆ ಕೂತುಕೊಂಡೇ, "ಕುಂದ್ರಾಕ ಯಾರಿಗೆ ಪುರುಸೊತ್ತೈತ್ರಿ ಅಕ್ಕಾರ? ಕುಂತು ತಿನ್ನಾಕ ನಾವೇನು ಸಾಹುಕಾರ್ರ?" ಎಂದಿದ್ದಳು. ನಲಿನಿ ಮರ್ಯಾದೆಗೆ ತಲೆಯಾಡಿಸಿ ಸೊನ್ನೆ ಬರೆದಿದ್ದಳು. ಈ ಸೀಮೆಯಲ್ಲಿ ಹೆಂಗಸಿಗೆ 'ನೀ ಕೂತಿದ್ದೆ' ಎನ್ನುವುದು ಬೈದಂತೆ. ಬೈಸಿಕೊಳ್ಳಲು ಯಾರೂ ತಯಾರಿಲ್ಲ, ಮನೆಗೆ ಹೋಗಿ ಬೈಯಲು ಅವಳಿಗೂ ಮನಸ್ಸಿಲ್ಲ. ಹೀಗೆ ಕೇಳಿದವರ ಸಭ್ಯತೆಯೂ ಹೇಳಿದವರ ಮಾನವೂ ಸೇರಿ ಮೂವತ್ತೇಳು ಸೊನ್ನೆಗಳಾಗಿದ್ದವು.

ಈ ಸಲ ನಲಿನಿ ಕೂತ ಮಾತನ್ನೇ ಎತ್ತಲಿಲ್ಲ. ನಿನ್ನೆ ಎದ್ದ ಕೂಡಲೇ ಏನು ಮಾಡಿದಿರಿ ಎಂದಳು. ನೀರು ತಂದೆ. ಆಮೇಲೆ? ರೊಟ್ಟಿ ಬಡಿದೆ. ಆಮೇಲೆ? ಕಾಯಿ ಸುರುವಿಕೊಂಡೆ. ಎಷ್ಟೊತ್ತಿಗೆ? ಸಾಲಿ ಗಂಟೆ ಹೊಡೆಯುವುದಕ್ಕೆ ಮೊದಲು. ಕಾಯಿ ಬಿಟ್ಟು ಎದ್ದದ್ದು? ಮಧ್ಯಾಹ್ನ ಒಂದು ಸಲ. ಮತ್ತೆ? ದೀಪ ಹಚ್ಚುವಾಗ. ಹೀಗೆ ಒಂದು ದಿನ ಮುಗಿಸಿ ಅದರ ಹಿಂದಿನ ದಿನಕ್ಕೆ ಹೋದಳು. ಫಕ್ಕೀರವ್ವನಿಗೂ ಕತೆ ಹೇಳುವ ಹುರುಪು ಬಂತು. ಕೊನೆಗೆ ನಲಿನಿ ಲೆಕ್ಕ ಕೂಡಿಸಿ ಹತ್ತು ತಾಸು ಎಂದು ಬರೆದಳು.

"ಏನದು ಹತ್ತು?" ಎಂದು ಫಕ್ಕೀರವ್ವ ಕೇಳಿದಳು.

"ದಿನಾ ನೀವು ಕೂತಲ್ಲೇ ಇರೋ ಹೊತ್ತ್ರಿ."

ಫಕ್ಕೀರವ್ವನ ಕೈ ನಿಂತಿತು. ಚಾಚಿದ ಕಾಲನ್ನು ಎರಡೂ ಕೈಯಿಂದ ಎತ್ತಿ, ಬೇರೆ ಯಾರದೋ ಸಾಮಾನು ಸರಿಸುವಂತೆ ಮಡಚಿಟ್ಟುಕೊಂಡಳು. "ಅದಕ್ಕೇನ ಈ ಕಾಲು ಜೋಮು ಹಿಡದು ಸಾಯೋದು," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹೊರಗ ಹೇಳಬ್ಯಾಡ್ರಿ ಮತ್ತ, ಹತ್ತು ತಾಸು ಕುಂತಿರತಾಳಂತ," ಎಂದೂ ಸೇರಿಸಿದಳು. ನಲಿನಿ ಹೇಳುವುದಿಲ್ಲ ಎಂದು ಮಾತು ಕೊಟ್ಟು ಮುಂದಿನ ಮನೆಗೆ ಹೋದಳು.

ಆ ವಾರ ನಲವತ್ತೂ ನಮೂನೆಗಳು ಹೊಸದಾಗಿ ತುಂಬಿದವು. ಸಿದ್ದಲಿಂಗಪ್ಪ ಖುಷಿಯಾಗಿ ಅವಳನ್ನು ಮನೆಮನೆ ತಿರುಗುವ ಕೆಲಸದಿಂದ ಬಿಡಿಸಿ, ಬೇರೆಯವರು ತಂದ ನಮೂನೆಗಳನ್ನು ಪರಿಶೀಲಿಸುವ ಕೆಲಸಕ್ಕೆ ಹಾಕಿದರು. ಹೊಸ ಹುಡುಗಿಯರಿಗೆ ಅವಳೇ ಪಾಠ ಹೇಳಬೇಕೆಂದರು. "ಈಕಿಗೆ ಯಾರ ಬಾಯಿಂದರ ದಿನದ ಲೆಕ್ಕ ಹೊರಡಿಸೋದು ಗೊತ್ತೈತಿ ನೋಡ್ರಿ," ಎಂದು ಎಲ್ಲರೆದುರಿಗೆ ಹೊಗಳಿದರು. ಹೊಗಳಿಸಿಕೊಂಡದ್ದಕ್ಕೂ ನಲಿನಿಗೆ ಏನೂ ಅನ್ನಿಸಲಿಲ್ಲ.

ಅವಳಿಗೆ ಏನೂ ಅನ್ನಿಸದೆ ಹತ್ತು ತಿಂಗಳಾಗಿತ್ತು. ಹಿಂದಿನ ವರ್ಷ ಮಾರ್ಚಿನಲ್ಲಿ, ಒಂದು ಮಂಗಳವಾರ, ಅವಳ ಗಂಡ ವಿಕಾಸ ಬೀಜದ ಪ್ಲಾಟು ನೋಡಲೆಂದು ರಾಣೆಬೆನ್ನೂರಿನಿಂದ ಮೇಡ್ಲೇರಿಗೆ ಬೈಕ್ ಮೇಲೆ ಹೊರಟವನು ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕು ಹೋಗಿಬಿಟ್ಟ. ಬೀಜದ ಕಂಪನಿಯಲ್ಲಿ ಅವನಿಗೆ ಊರೂರು ತಿರುಗುವ ಕೆಲಸ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಹೆಣ ಮನೆಗೆ ಬಂದಾಗ ನಲಿನಿ ಅಳಲಿಲ್ಲ. ಅಳದಿದ್ದರೆ ಎದೆ ಒಡೆಯುತ್ತದೆಂದು ಹೆಂಗಸರು ಅವಳ ರಟ್ಟೆ ಚಿವುಟಿ ನೋಡಿದರು. ಆಗಲೂ ಅಳು ಬರಲಿಲ್ಲ. ಹದಿಮೂರನೇ ದಿನ ಕಳೆಯುವ ಹೊತ್ತಿಗೆ ಅವಳಿಗೆ 'ಧೈರ್ಯದ ಹೆಣ್ಣುಮಗಳು' ಎಂಬ ಹೆಸರು ಬಂದಿತ್ತು. ಏನೂ ಅನ್ನಿಸದಿರುವುದೇ ಧೈರ್ಯವಾದರೆ ಹಿತ್ತಲಿನ ಒರಳಿಗೂ ಬೇಕಾದಷ್ಟು ಧೈರ್ಯವಿದೆ. ಆದರೆ ಜನರ ಬಾಯಿಗೆ ಯಾರು ಎದುರು ಹೇಳುತ್ತಾರೆ?

ಮನೆಯಲ್ಲಿ ಉಳಿದದ್ದು ಇಬ್ಬರೇ, ಅವಳು ಮತ್ತು ಮಾವ ಕೃಷ್ಣಾಜಿ. ಅತ್ತೆ ಎಂದೋ ತೀರಿಹೋಗಿದ್ದರು. ಕೃಷ್ಣಾಜಿ ರಾಣೆಬೆನ್ನೂರಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮಾಸ್ತರರಾಗಿದ್ದವರು. ಊರಿನ ಅರ್ಧ ಗಂಡಸರು ಅವರ ಸೀಟಿಯ ಸದ್ದಿಗೆ ಹೆದರಿ ಮೈದಾನ ಸುತ್ತಿದವರೇ. ಐವತ್ತನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂದಾಗ ಅವರು ಗುಳಿಗೆಗಿಂತ ಕಾಲನ್ನು ನಂಬಿದರು. ದಿನಾ ಬೆಳಿಗ್ಗೆ ಕೆರೆ ಏರಿಯವರೆಗೆ ಹೋಗಿ ಬರುವುದು, ಒಂದೂವರೆ ತಾಸು, ಮಳೆಯಿರಲಿ ಚಳಿಯಿರಲಿ. ಇನ್ನೂ ಹಾಸಿಗೆ ಬಿಡದ ನೆರೆಮನೆಯವರಿಗೆ ಕಿಟಕಿಯಿಂದಲೇ ಬೈದು ಹೋಗುತ್ತಿದ್ದರು. ಹೀಗೆ ಹದಿನೈದು ವರ್ಷ ಕಾಯಿಲೆಯನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದರು.

ವಿಕಾಸ ಹೋದ ದಿನ ಅವರು ಪಡಸಾಲೆಯ ಬೆತ್ತದ ಕುರ್ಚಿಯಲ್ಲಿ ಕೂತರು. ಸತ್ತ ಮನೆಗೆ ಜನ ಮಾತಾಡಿಸಲು ಬರುತ್ತಾರೆ. ಬಂದವರಿಗೆ ಮನೆಯ ಹಿರಿಯ ಎದುರಿಗೆ ಕಾಣಬೇಕು, ಇದು ಪದ್ಧತಿ. ಬಂದವರು ಚಾಪೆಯ ಮೇಲೆ ಕೂಡುತ್ತಾರೆ, ಹೋದವನ ಹೆಸರು ಹೇಳಿ ನಾಲ್ಕು ಮಾತಾಡುತ್ತಾರೆ, ಹೋಗಿ ಬರುತ್ತೇವೆ ಎನ್ನದೆ ಎದ್ದು ಹೋಗುತ್ತಾರೆ. ಹದಿಮೂರು ದಿನ ಜನ ಬಂದರು. ಆಮೇಲೆ ತಡವಾಗಿ ಸುದ್ದಿ ಕೇಳಿದವರು ಬಂದರು. ಹುಬ್ಬಳ್ಳಿ, ದಾವಣಗೆರೆಗಳಿಂದ ಹಳೆಯ ಶಿಷ್ಯರು ಬಂದರು. ನಾಲ್ಕು ತಿಂಗಳಾದ ಮೇಲೆ ಒಬ್ಬ ಪುಣೆಯಿಂದ ಬಂದ. ಅವನು ಬಂದುಹೋದದ್ದೇ ಕೃಷ್ಣಾಜಿಗೆ ದೊಡ್ಡ ಆಧಾರವಾಯಿತು. ಕೆರೆ ಕಡೆ ಹೋಗಿ ಬನ್ನಿ ಎಂದರೆ, "ಯಾರರೆ ಮಾತಾಡಸ್ಲಿಕ್ಕೆ ಬಂದ್ರ?" ಎನ್ನುತ್ತಿದ್ದರು. ಕುರ್ಚಿಯಿಂದ ಬಚ್ಚಲು, ಬಚ್ಚಲಿನಿಂದ ಊಟ, ಊಟದಿಂದ ಕುರ್ಚಿ, ಕುರ್ಚಿಯಿಂದ ಹಾಸಿಗೆ. ಮೈದಾನ ಸುತ್ತಿಸುತ್ತಿದ್ದ ಮಾಸ್ತರರ ಓಡಾಟ ಇಷ್ಟಕ್ಕೆ ಬಂದು ನಿಂತಿತು.

ಡಿಸೆಂಬರಿನಲ್ಲಿ ನಲಿನಿ ಅವರನ್ನು ಬಾಡಿಗೆ ಕಾರಿನಲ್ಲಿ ಹಾವೇರಿಯ ಒಬ್ಬ ಡಾಕ್ಟರರಿಗೆ ತೋರಿಸಿದಳು. ಡಾಕ್ಟರರೂ ಅವರ ಸೀಟಿಗೆ ಓಡಿದವರೇ. ಮಾಸ್ತರರ ಕಣ್ಣು ಮುಚ್ಚಿಸಿ ಅಂಗಾಲಿಗೆ ಮೊಂಡು ಸೂಜಿಯಿಂದ ಚುಚ್ಚಿದರು. ಒಂದು ಕಡೆ, ಎರಡು ಕಡೆ, ಐದು ಕಡೆ ಚುಚ್ಚಿದರು. ಗೊತ್ತಾಯಿತೇ ಸರ್ ಎಂದು ಕೇಳಿದ್ದಕ್ಕೆ ಕೃಷ್ಣಾಜಿ ಕಣ್ಣು ಮುಚ್ಚಿಕೊಂಡೇ, "ಯಾವಾಗ ಚುಚ್ಚತೀರಿ?" ಎಂದರು. ಡಾಕ್ಟರರು ಸೂಜಿ ಕೆಳಗಿಟ್ಟು ನಲಿನಿಯ ಮುಖ ನೋಡಿದರು.

"ಸಕ್ಕರಿ ಏರಿ ಕೂತದ. ಇವರು ನಡೀಬೇಕು," ಎಂದರು. "ಯುಗಾದಿತನಕ ನೋಡೋಣ. ಗಾಯ ಆಗದಂಗ ಚಪ್ಪಲ್ ಹಾಕ್ಕೊಂಡು ದಿನಾ ನಡದ್ರ ಕಾಲು ಉಳೀತಾವ. ಹಿಂಗ ಕೂತ್ರ ಮೊದಲು ಬೆರಳು ಹೋಗ್ತಾವ, ಆಮ್ಯಾಲೆ ಪಾದ."

ನಲಿನಿ ದಿನಕ್ಕೊಮ್ಮೆ ಹೇಳಿದಳು. ಮಾವನ ಎದುರಿಗೆ ನಿಂತು, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಬಸ್ಸಿಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತ, "ಇವತ್ತರೆ ನಾಕು ಹೆಜ್ಜಿ ಹೋಗಿ ಬರ್ರಿ ಮಾಮಾ," ಎನ್ನುತ್ತಿದ್ದಳು. ಅವರು "ಹೂಂ" ಎನ್ನುತ್ತಿದ್ದರು. ಸಂಜೆ ಬಂದಾಗ ಅವರ ಚಪ್ಪಲಿಗಳ ಮೇಲಿನ ಧೂಳು ಹಾಗೇ ಇರುತ್ತಿತ್ತು. ಕಾಲು ಹೋದರೆ ಏನಾಗುತ್ತದೆಂದು ಅವಳಿಗೆ ತಿಳಿದಿತ್ತು, ಹೆದರಿಕೆಯಾಗಬೇಕೆಂದೂ ತಿಳಿದಿತ್ತು. ಹೆದರಿಕೆ ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಳು. ಇಬ್ಬರೂ ಉಂಡು ಎದ್ದರು. ಪಾತ್ರೆ ತೊಳೆಯಲು ಬಂದವಳು ನೆಕ್ಕಿ ನೋಡಿ ಥೂ ಎಂದಾಗಲೇ ಗೊತ್ತಾದದ್ದು.

ಫೆಬ್ರವರಿಯಲ್ಲಿ ಸಮೀಕ್ಷೆ ರಾಣೆಬೆನ್ನೂರಿಗೆ ಬಂತು. ಯಾವ ಓಣಿ, ಯಾವ ಮನೆ, ಮನೆಯಲ್ಲಿ ಯಾರು ಎಂಬುದನ್ನೆಲ್ಲ ಚೀಟಿ ಎತ್ತಿದ ಹಾಗೆ ಪಟ್ಟಿಯಿಂದ ಆರಿಸುತ್ತಿದ್ದರು. ಆರಿಸಿ ಬಂದದ್ದು ಅವರದೇ ಓಣಿ. ತನ್ನ ಮನೆಯನ್ನು ತಾನು ಕೇಳಬಾರದೆಂಬ ನಿಯಮವಿದ್ದದ್ದರಿಂದ ಆ ಓಣಿಗೆ ಧನಶ್ರೀ ಹೋದಳು. ಹಾವೇರಿಯ ಹುಡುಗಿ, ಬಿ.ಎ. ಮುಗಿಸಿದವಳು, ನಲಿನಿ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುವವಳು. ಬುಧವಾರ ಹೋಗಿ ಬಂದಳು. ಆ ಸಂಜೆ ನಲಿನಿ ಮನೆಗೆ ಬಂದಾಗ ಕೃಷ್ಣಾಜಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಇವಳೂ ಕೇಳಲಿಲ್ಲ.

ಗುರುವಾರ ಆ ಓಣಿಯ ಕಟ್ಟು ನಲಿನಿಯ ಮೇಜಿಗೆ ಬಂತು. ನಮೂನೆಯ ಮೇಲೆ ಹೆಸರಿರುವುದಿಲ್ಲ, ಮನೆಯ ಅಂಕಿಯಷ್ಟೇ. ತನ್ನ ಮನೆಯ ಅಂಕಿ ಯಾರಿಗೆ ಗೊತ್ತಿರುವುದಿಲ್ಲ? ಗಂಡಸು, ವಯಸ್ಸು ಅರವತ್ತೈದು. ನಡೆದದ್ದು: ವಾರಕ್ಕೆ ಆರು ದಿನ, ದಿನಕ್ಕೆ ತೊಂಬತ್ತು ನಿಮಿಷ. ಭಾರದ ಕೆಲಸ: ವಾರಕ್ಕೆ ಎರಡು ದಿನ. ಕೂತದ್ದು: ದಿನಕ್ಕೆ ಎರಡು ತಾಸು.

ಮೊದಲು ಅವಳಿಗೆ ಇದು ಡ್ರಿಲ್ ಮಾಸ್ತರರ ಸೊಕ್ಕು ಎನ್ನಿಸಿತು. ಅನ್ಯ ಹುಡುಗಿಯ ಎದುರಿಗೆ ಕೂತಿರುತ್ತೇನೆ ಎನ್ನಲಾಗದೆ ಹಳೆಯ ಪ್ರತಾಪ ಕೊಚ್ಚಿದ್ದಾರೆ. ಬ್ಯಾಡಗಿಯ ಹೆಂಗಸರು ಹೇಳಿದ ಸುಳ್ಳಿಗೂ ಇದಕ್ಕೂ ಏನು ವ್ಯತ್ಯಾಸ? ನಮೂನೆಯ ತಲೆಯ ಮೇಲೆ 'ಮರುಭೇಟಿ' ಎಂದು ಬರೆದು ಧನಶ್ರೀಯನ್ನು ಕರೆದಳು.

"ಇದು ಖರೇ ಅಲ್ಲ, ಧನಶ್ರೀ."

ಧನಶ್ರೀಯ ಮುಖ ಸಪ್ಪಗಾಯಿತು. "ಅವರು ಭಾಳ ವಿಚಾರ ಮಾಡಿ ಹೇಳಿದ್ರು ಅಕ್ಕಾ. ನೀವು ಹೇಳಿಕೊಟ್ಟಂಗ ಒಂದೊಂದು ದಿನದ್ದು ಕೇಳೀನಿ. ಹೋದ ಬುಧವಾರದಿಂದ ಶುರು ಮಾಡ್ರಿ ಅಂದೆ. ಒಂದೂ ತಡವರಸ್ಲಿಲ್ಲ. ಹಿಂದ ಬರದೀನಿ, ನೋಡ್ರಿ."

ನಲಿನಿ ಕಾಗದ ತಿರುಗಿಸಿದಳು. ಪೆನ್ಸಿಲಿನಲ್ಲಿ ಏಳು ಸಾಲು ಬರೆದಿತ್ತು. ಬುಧವಾರ ಬೆಳಿಗ್ಗೆ ಕೆರೆ ಏರಿ, ಸಂಜೆ ಕಾಯಿಪಲ್ಲೆ ಮಾರ್ಕೆಟ್ಟಿಗೆ ಹೋಗಿ ಬಂದದ್ದು. ಗುರುವಾರ ಕೆರೆ ಏರಿ. ಶುಕ್ರವಾರ ಕೆರೆ ಏರಿ, ಬರುವಾಗ ಸುಣ್ಣ, ಬ್ರಶ್ ತಂದದ್ದು. ಶನಿವಾರ ಕೆರೆ ಏರಿ, ಆಮೇಲೆ ಹಿಂದಿನ ಕೋಣೆಯ ಟ್ರಂಕು, ಕಪಾಟು ಎಳೆದು ಹೊರಗಿಟ್ಟದ್ದು, ಭಾರದ ಕೆಲಸ. ಆದಿತ್ಯವಾರ ಯುಗಾದಿಗೆಂದು ಸುಣ್ಣ ಹಚ್ಚಿದ್ದು, ಮೂರು ಗೋಡೆ. ಸೋಮವಾರ ಕೆರೆ ಏರಿ, ಭುಜ ನೋವೆಂದು ಬೇರೆ ಕೆಲಸ ಮಾಡಲಿಲ್ಲ. ಮಂಗಳವಾರ ಕೆರೆ ಏರಿ, ನಾಲ್ಕನೇ ಗೋಡೆಗೆ ಕೈ ಹಚ್ಚಿದ್ದು.

ಹಿಂದಿನ ಕೋಣೆಯ ನಾಲ್ಕನೇ ಗೋಡೆ ಅರ್ಧಕ್ಕೇ ನಿಂತಿದೆ. ಎಡಗಡೆ ಬಿಳಿ, ಬಲಗಡೆ ಹಳೆಯ ಹೊಗೆಯ ಬಣ್ಣ. ನಲಿನಿ ಹನ್ನೊಂದು ತಿಂಗಳಿಂದ ದಿನಾ ಅದರ ಎದುರಿಗೇ ಸೀರೆ ಉಡುತ್ತಾಳೆ. ಆ ಮಂಗಳವಾರ ಹತ್ತೂವರೆಗೆ ಮೇಡ್ಲೇರಿ ರಸ್ತೆಯಿಂದ ಫೋನು ಬಂದಾಗ ಮಾವನ ಕೈಯಲ್ಲಿ ಸುಣ್ಣದ ಬ್ರಶ್ ಇತ್ತು. ಅದನ್ನು ಅವರ ಕೈಯಿಂದ ಬಿಡಿಸಿ ಬಕೆಟ್ಟಿಗೆ ಹಾಕಿದವಳು ಅವಳೇ.

"ಮಂಗಳವಾರ ಆಮ್ಯಾಲೆ ಏನ್ ಮಾಡಿದ್ರಿ ಅಂತ ಕೇಳಿದೆ," ಎಂದು ಧನಶ್ರೀ ಮೆಲ್ಲಗೆ ಹೇಳಿದಳು. "'ಆಮ್ಯಾಲೆ ಕೂತೆ' ಅಂದ್ರು. ಎಷ್ಟು ಹೊತ್ತು ಕೂತ್ರಿ ಅಂದೆ. ಅದಕ್ಕ ಏನೂ ಹೇಳ್ಲಿಲ್ಲ. ನನ್ನ ಮಾರಿ ನೋಡಿದ್ರು. ನಾನೇ ಎರಡು ತಾಸು ಅಂತ ಹಾಕಿದೆ. ತಪ್ಪಾತೇನ್ ಅಕ್ಕಾ?"

ನಲಿನಿ ಇಲ್ಲ ಎಂದಳು. ಮಾವ ಸುಳ್ಳು ಹೇಳಿರಲಿಲ್ಲ. ಕಳೆದ ಏಳು ದಿನ ಎಂದು ಕೇಳಿದ್ದಕ್ಕೆ ತಮ್ಮ ಹತ್ತಿರ ಇದ್ದ ಏಳು ದಿನಗಳನ್ನು ಸರಿಯಾಗಿ ತೆಗೆದು ಕೊಟ್ಟಿದ್ದರು. ಅದರ ನಂತರ ಅವರಿಗೆ ಬುಧವಾರ ಬಂದೇ ಇರಲಿಲ್ಲ. ತನಗೆ ಬಂದಿದೆಯೇ ಎಂದು ನಲಿನಿ ಯೋಚಿಸಿದಳು. ಹಾವೇರಿ, ಬ್ಯಾಡಗಿ, ಕಾಗಿನೆಲೆ, ಕುಪ್ಪೇಲೂರು. ಹನ್ನೊಂದು ತಿಂಗಳಲ್ಲಿ ಎಷ್ಟೋ ಊರು ತಿರುಗಿದ್ದಾಳೆ, ನೂರಾರು ಜನರ ದಿನಗಳನ್ನು ತಾಸು ತಾಸಾಗಿ ಬಿಡಿಸಿದ್ದಾಳೆ. ತನ್ನದೊಂದು ದಿನ ಹೇಳು ಎಂದರೆ ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ.

ಸಿದ್ದಲಿಂಗಪ್ಪನವರ ಮೇಜಿಗೆ ಹೋಗಿ ಒಂದು ಮನೆಗೆ ಮರುಭೇಟಿ ಬೇಕು, ತಾನೇ ಮಾಡುತ್ತೇನೆ ಎಂದಳು. ಅವರು ಮನೆಯ ಅಂಕಿ ನೋಡಿದರು, ಹಿಂದಿನ ಏಳು ಸಾಲು ಓದಿದರು. ಅವರೂ ಹಿಂದಿನ ಮಾರ್ಚಿನಲ್ಲಿ ಆ ಚಾಪೆಯ ಮೇಲೆ ಕೂತು ಹೋದವರೇ. ನಿಯಮ ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. "ಹೋಗು," ಎಂದಷ್ಟೇ ಹೇಳಿ ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿದರು.

ಅವಳು ಮನೆ ಮುಟ್ಟಿದಾಗ ಇನ್ನೂ ನಾಲ್ಕು ಗಂಟೆ. ಓಣಿಯಲ್ಲಿ ಬಿಸಿಲಿತ್ತು. ಕೃಷ್ಣಾಜಿ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ನಲಿನಿ ಎಂದಿನಂತೆ ಒಳಗೆ ಹೋಗಲಿಲ್ಲ. ಸುತ್ತಿ ಗೋಡೆಗೆ ಆನಿಸಿಟ್ಟಿದ್ದ ಚಾಪೆ ಬಿಡಿಸಿ ಅವರೆದುರಿಗೆ ಹಾಸಿ ಕೂತಳು. ಕೂತ ಮೇಲೆ ಗೊತ್ತಾಯಿತು, ಇಷ್ಟು ದಿನದಲ್ಲಿ ಒಮ್ಮೆಯೂ ತಾನು ಇಲ್ಲಿ ಕೂತಿಲ್ಲ. ಜನ ಬಂದಾಗ ತಾನು ಒಳಕೋಣೆಯಲ್ಲಿ ಹೆಂಗಸರ ನಡುವೆ ಇದ್ದಳು, ಮಾವ ಇಲ್ಲಿದ್ದರು. ಜನ ಹೋದ ಮೇಲೂ ಇಬ್ಬರೂ ಹಾಗೇ ಇದ್ದರು.

"ಮಾಮಾ, ಕಳೆದ ಏಳು ದಿನದ್ದು ಮತ್ತ ಕೇಳಬೇಕಾಗೇದ," ಎಂದಳು.

"ನಿನ್ನೆ ಆ ಹುಡುಗಿಗೆ ಹೇಳೀನಲ್ಲ."

"ನಿನ್ನೆ ಅಂದ್ರ ಯಾವಾಗ ಮಾಮಾ?"

ನಲಿನಿ ಹೊಸ ನಮೂನೆ ತೊಡೆಯ ಮೇಲೆ ಇಟ್ಟುಕೊಂಡಳು. "ಹೋದ ಗುರುವಾರ, ಎದ್ದು ಏನ್ ಮಾಡಿದ್ರಿ?"

"ಕೂತೆ."

"ಶುಕ್ರವಾರ?"

"ಕೂತೆ."

ಶನಿವಾರ ಕೂತೆ. ಆದಿತ್ಯವಾರ ಕೂತೆ. ಪ್ರತಿ ಸಲವೂ ಅವರ ದನಿ ಸ್ವಲ್ಪ ಸಣ್ಣದಾಗುತ್ತ ಹೋಯಿತು. ಹಾಜರಿ ಕರೆದಾಗ ತಪ್ಪು ಮಾಡಿದ ಹುಡುಗ ಉತ್ತರ ಕೊಟ್ಟ ಹಾಗಿತ್ತು. ಮಂಗಳವಾರಕ್ಕೆ ಬಂದಾಗ ಅವರು ಬಾಗಿಲಿನತ್ತ ತಿರುಗಿದರು. ನಲಿನಿ ಕಾದಳು. ಪೆನ್ನು ಕಾಗದದ ಮೇಲೆ ಚುಕ್ಕೆ ಬಿಟ್ಟು ಅದು ದೊಡ್ಡದಾಗುತ್ತಿತ್ತು.

"ವಿಕಾಸ ಹೋಗಿ ಹನ್ನೊಂದು ತಿಂಗಳಾತು, ಮಾಮಾ," ಎಂದಳು. ಆ ಹೆಸರನ್ನು ಅವಳು ಈ ಮನೆಯೊಳಗೆ ಆಡಿದ್ದು ಅಂದೇ ಮೊದಲು. "ಆ ದಿವಸ ನಾನು ಅವರಿಗೆ ಚಹಾ ಕೊಡಲಿಲ್ಲ. ಹಾಲು ಒಡದಿತ್ತು. ಮೇಡ್ಲೇರಿಯೊಳಗ ಕುಡೀತೀನಿ ಅಂತ ಹೋದ್ರು."

ಕೃಷ್ಣಾಜಿ ಬಾಗಿಲಿನಿಂದ ಕಣ್ಣು ತೆಗೆದು ಸೊಸೆಯನ್ನು ನೋಡಿದರು.

"ಎಲ್ಲಾರೂ ಬಂದ್ರು ಮಾತಾಡಸ್ಲಿಕ್ಕೆ," ಎಂದರು. "ಪುಣೆದಿಂದ ಬಂದ್ರು. ನೀ ಬರಲಿಲ್ಲ."

ನಲಿನಿಗೆ ಎಲ್ಲಿಯೋ ಸಣ್ಣಗೆ ಚುಚ್ಚಿದಂತಾಯಿತು. "ನೀವೂ ಬರಲಿಲ್ಲ, ಮಾಮಾ. ನಾ ಒಳಗೇ ಇದ್ದೆ."

"ಹೌದು. ನಾನೂ ಬರಲಿಲ್ಲ."

ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಆಮೇಲೆ ಕೃಷ್ಣಾಜಿ ಕುರ್ಚಿಯ ಎರಡೂ ಕೈ ಹಿಡಿದು ಮುಂದಕ್ಕೆ ಬಾಗಿದರು. "ಹಂಗಾದ್ರ ಇನ್ನ ಯಾರೂ ಬರಬೇಕಾದವರು ಉಳೀಲಿಲ್ಲ," ಎಂದರು. "ಚಪ್ಪಲ್ ಎಲ್ಲಿ ಅವ?"

ಅವಳು ಧೂಳು ಒರೆಸಿ ಚಪ್ಪಲಿ ಇಟ್ಟಳು. ಅವರು ಕೆಳಗೆ ನೋಡಿ ನೋಡಿ, ಕಣ್ಣಿನಿಂದಲೇ ಕಾಲಿಗೆ ಜಾಗ ತೋರಿಸುತ್ತ ಮೆಟ್ಟಿಕೊಂಡರು. ಗೇಟಿನ ತನಕ ಅವಳ ಭುಜ ಹಿಡಿದರು, ಗೇಟು ದಾಟಿದ ಮೇಲೆ ಬಿಟ್ಟರು. ಎದುರು ಮನೆಯ ಹೆಂಗಸು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಎದ್ದು ನಿಂತಳು, ಮಾತಾಡಿಸುವ ಧೈರ್ಯ ಮಾಡಲಿಲ್ಲ. ಕೃಷ್ಣಾಜಿ ಸರಿಯಾಗಿ ನಡೆಯುತ್ತಿರಲಿಲ್ಲ. ನೆಲ ಎಲ್ಲಿದೆ ಎಂದು ತಿಳಿಯದವರಂತೆ ಪಾದ ಎತ್ತಿ ಎತ್ತಿ ಇಡುತ್ತಿದ್ದರು. ಎದೆ ಮಾತ್ರ ಡ್ರಿಲ್ ಮಾಸ್ತರರದಾಗಿತ್ತು.

"ಎಷ್ಟು ನಿಮಿಷ ಆತು?"

"ನಾಕು."

"ಬರಕೋ."

"ಹತ್ತು ನಿಮಿಷದ ಕೆಳಗ ನಡದದ್ದು ಬರಕೊಳ್ಳೂ ಹಂಗಿಲ್ಲ ಮಾಮಾ. ನಡದಂಗೇ ಅಲ್ಲಂತ."

"ಯಾವ ಶಾಣ್ಯಾ ಮಾಡ್ಯಾನ ಆ ರೂಲು?" ಎಂದು ಕೃಷ್ಣಾಜಿ ಗದರಿದರು. ಗದರಿದ ರಭಸಕ್ಕೆ ಹೆಜ್ಜೆ ಸ್ವಲ್ಪ ಜೋರಾಯಿತು. ದಿಲ್ಲಿಯವನು ಯಾರೋ ಒಬ್ಬನ ಮೇಲೆ ಸಿಟ್ಟಾಗಿ, ಆ ಹತ್ತು ನಿಮಿಷ ಮಾಡಿಯೇ ತೀರುವವರಂತೆ ಓಣಿಯ ತಿರುವಿನತ್ತ ಹೊರಟರು. ನಲಿನಿ ಎರಡು ಹೆಜ್ಜೆ ಹಿಂದೆ ಉಳಿದಳು. ಆಗ ನೋಡಿದಳು. ಅವರ ಎಡಗಾಲಿನ ಚಪ್ಪಲಿ ಹಿಂದೆಯೇ, ಮಣ್ಣಿನಲ್ಲಿ ಬಿದ್ದಿತ್ತು. ಅವರು ಬರಿಗಾಲಿನಲ್ಲಿ ಹೋಗುತ್ತಿದ್ದರು. ಹರಳುಗಲ್ಲಿನ ಮೇಲೆ, ಮುರಿದ ಇಟ್ಟಿಗೆಯ ಚೂರುಗಳ ಮೇಲೆ, ತಲೆ ಎತ್ತಿ ಹೋಗುತ್ತಿದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ.

"ಮಾಮಾ, ನಿಂದರ್ರಿ," ಎಂದು ಕೂಗಿದಳು. ಕೂಗಿದ ದನಿ ಅವಳಿಗೇ ಗುರುತು ಸಿಗಲಿಲ್ಲ.

ಚಪ್ಪಲಿ ಎತ್ತಿಕೊಂಡು ಓಡಿಹೋದಳು. ಅವರು ಲೈಟಿ‌ನ ಕಂಬಕ್ಕೆ ಕೈಯಾನಿಸಿ ನಿಂತು ತಮ್ಮ ಕಾಲನ್ನು ನೋಡಿಕೊಂಡರು. "ಯಾವಾಗ ಬಿತ್ತು?" ಎಂದರು. "ಈಗ," ಎಂದು ಅವಳು ರಸ್ತೆಯಲ್ಲೇ ಮಂಡಿಯೂರಿದಳು. ಪಾದ ಎತ್ತಿ ಅಂಗಾಲು ನೋಡಿದಳು, ಗಾಯವಾಗಿರಲಿಲ್ಲ. ಸೆರಗಿನಿಂದ ಮಣ್ಣು ಒರೆಸಿದಳು. ವಿಕಾಸನ ಪಾದವೂ ಹೀಗೇ ಇತ್ತು, ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಬಿಳಿ ಬಟ್ಟೆಯ ಹೊರಗೆ ಅಂದು ಅದೊಂದೇ ಕಾಣುತ್ತಿತ್ತು, ಮುಟ್ಟಬೇಕೆಂದುಕೊಂಡವಳು ಮುಟ್ಟಿರಲಿಲ್ಲ. ಅವಳಿಗೆ ಅಳು ಬಂತು. ಹನ್ನೊಂದು ತಿಂಗಳಿನದು ಒಮ್ಮೆಲೇ ಬಂತು. ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಸದ್ದಿಲ್ಲದೆ ಅತ್ತಳು. ಕಣ್ಣೀರು ಅವರ ಬೆರಳುಗಳ ಮೇಲೆ ಬಿದ್ದು ಸಂದಿಗಳಲ್ಲಿ ಇಳಿಯಿತು.

ಕೃಷ್ಣಾಜಿ ಕಂಬ ಹಿಡಿದು ಮುಂದಿನ ದಾರಿ ನೋಡುತ್ತ ನಿಂತಿದ್ದರು. ಚಪ್ಪಲಿಯ ಉಂಗುಟ ಬೆರಳಿಗೆ ಸಿಕ್ಕದೆ ಅವಳು ತಡ ಮಾಡುತ್ತಿದ್ದಾಳೆಂದು ಅಂದುಕೊಂಡಿರಬೇಕು.

"ಆತೇನು?" ಎಂದು ಕೇಳಿದರು.